ಪುಕ್ಕಟೆ ಲಿನಕ್ಸಿಗೆ ಬಿದ್ದ ಕೀಲಿ

'ಪುಕ್ಕಟೆ' ಎನ್ನುವ ಮಾತನ್ನು ಯಾರಾದರೂ ತುಟಿ ಕೊಂಕಿಸಿ ಆಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಸಂತೆಯಲ್ಲಿ ಒಂದು ಸಿವುಡು ಕೊತ್ತಂಬರಿ ಪುಕ್ಕಟೆ ಸಿಕ್ಕರೆ ಖುಷಿಪಡುವ ಜನ, ಒಂದು ಶಾಲೆಯ ಕಂಪ್ಯೂಟರಿನ ವಿಷಯ ಬಂದಾಗ ಅದೇ ಮಾತನ್ನು ಎಷ್ಟು ಕೀಳಾಗಿ ಆಡಬಲ್ಲರು ಎಂಬುದನ್ನು ನಾನು ಶಿರಹಟ್ಟಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ಕಲಿತೆ.

ಡಿಗ್ರಿ ಮುಗಿಸಿ ಗದಗಿನಲ್ಲಿ ಕಂಪ್ಯೂಟರ್ ಡಿಪ್ಲೊಮಾಕ್ಕೆ ಸೇರಿದಾಗ ನನ್ನ ತರಗತಿಯಲ್ಲಿ ಲಕ್ಷ್ಮೇಶ್ವರದಿಂದ ದಿನಾಲು ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಇದ್ದಳು. ಅವಳ ತಂದೆ ಲಕ್ಷ್ಮೇಶ್ವರದ ಪೇಟೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ಜಗಳ ಬಂದರೆ ಎರಡರಲ್ಲೂ ಅವಳನ್ನು ಮೀರಿಸುವವರಿರಲಿಲ್ಲ. ಲ್ಯಾಬಿನಲ್ಲಿ ಒಂದೊಂದು ಕಂಪ್ಯೂಟರಿನ ಮುಂದೆ ಇಬ್ಬರು ಕೂಡಬೇಕಾಗಿತ್ತು. ನಮ್ಮಿಬ್ಬರನ್ನು ಒಂದಕ್ಕೆ ಹಾಕಿದರು. ಗೆಳೆತನ ಅಲ್ಲಿಂದ ಶುರುವಾಯಿತು.

ನಮಗೆ ಪಾಠ ಹೇಳುತ್ತಿದ್ದ ಉಪನ್ಯಾಸಕರನ್ನು ನಾವೆಲ್ಲ ಬರೀ 'ಸರ್' ಎನ್ನುತ್ತಿದ್ದೆವು. ಇಲ್ಲಿಯೂ ಹಾಗೇ ಕರೆಯುತ್ತೇನೆ. ಸಣಕಲು ಮೈ, ಇಸ್ತ್ರಿ ಕಾಣದ ಅಂಗಿ, ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸ್ಕ್ರೂಡ್ರೈವರ್. ಸಿಲಬಸ್ಸಿನಲ್ಲಿ, ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶಕ್ಕೆ ಒಂದು ಸಣ್ಣ ಪಾಠ ಮಾತ್ರ ಇತ್ತು. ಅವರು ಅದನ್ನು ಇಡೀ ತಿಂಗಳು ಹೇಳಿದರು, ಊರ ಹಿರಿಯರು ತಮ್ಮ ಮನೆತನದ ಕಥೆ ಹೇಳುವ ಹಾಗೆ.

ಒಂದು ದೊಡ್ಡ ಟೆಲಿಫೋನ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ಎಂಬ ವ್ಯವಸ್ಥೆಯಿಂದ ಅವರ ಕಥೆ ಶುರುವಾಗುತ್ತಿತ್ತು. ಮೊದಮೊದಲು ಅದನ್ನು ಕಾಲೇಜುಗಳು ತರಿಸಿಕೊಂಡು, ಬಿಚ್ಚಿ ನೋಡಿ, ತಿದ್ದಿ ಬಳಸುತ್ತಿದ್ದವಂತೆ. ಆಮೇಲೆ ಅದರಲ್ಲಿ ದುಡ್ಡಿದೆ ಎಂದು ಗೊತ್ತಾಗಿ ಬಾಗಿಲು ಮುಚ್ಚಿತು. ಅದೇ ಹೊತ್ತಿಗೆ ಅಮೆರಿಕದ ಒಂದು ವಿದ್ಯಾಲಯದಲ್ಲಿ ಒಬ್ಬನಿಗೆ ಪ್ರಿಂಟರಿನ ಕಾಟ. ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸರಿ ಮಾಡುತ್ತೇನೆ, ಅದನ್ನು ನಡೆಸುವ ತಂತ್ರಾಂಶದ ಒಳಬರಹ ಕೊಡಿ ಎಂದು ಕಂಪನಿಯವರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ ಎಂದರಂತೆ. ಆ ಸಿಟ್ಟು ಅವನಲ್ಲಿ ಉಳಿಯಿತು. ಕೆಲಸ ಬಿಟ್ಟು, ಯಾರೂ ಬಾಗಿಲು ಮುಚ್ಚಲಾಗದಂಥ ಒಂದು ವ್ಯವಸ್ಥೆಯನ್ನು ತುಂಡು ತುಂಡಾಗಿ ಬರೆಯತೊಡಗಿದ. ಅದಕ್ಕೊಂದು ಕರಾರನ್ನೂ ಬರೆದ. ಯಾರು ಬೇಕಾದರೂ ಬಳಸಲಿ, ಒಳಗೆ ನೋಡಲಿ, ತಿದ್ದಲಿ, ಹಂಚಲಿ, ಬೇಕಾದರೆ ಮಾರಲಿ. ಆದರೆ ಹಂಚುವವನು ತನಗೆ ಸಿಕ್ಕ ಹಕ್ಕನ್ನು ಮುಂದಿನವನಿಗೂ ಕೊಡಬೇಕು. ಎಲ್ಲ ತುಂಡುಗಳೂ ತಯಾರಾಗುತ್ತ ಬಂದವು, ನಡುವಿನ ಜೀವಾಳವೊಂದು ಬಾಕಿ ಉಳಿಯಿತು. ಅದನ್ನು ಫಿನ್ಲೆಂಡಿನ ಒಬ್ಬ ವಿದ್ಯಾರ್ಥಿ ತನ್ನ ಕೋಣೆಯಲ್ಲಿ ಕೂತು ಬರೆದು ಲಿನಕ್ಸ್ ಎಂಬ ಹೆಸರಿನಲ್ಲಿ ಇಂಟರ್ನೆಟ್ಟಿಗೆ ಹಾಕಿದ. ಅದೇ ಕರಾರಿನ ಕೆಳಗೆ ಬಿಟ್ಟುಕೊಟ್ಟ. ಮುಖ ಕಾಣದ ಸಾವಿರಾರು ಜನ ಅದನ್ನು ತಿದ್ದಿ ಬೆಳೆಸಿದರು.

"ಇದು ಯಾರಪ್ಪನ ಆಸ್ತೀನೂ ಅಲ್ಲ," ಎಂದು ಸರ್ ಮೇಜು ಕುಟ್ಟುತ್ತಿದ್ದರು. "ಇದರಾಗ ನಿಂದೂ ಪಾಲೈತಿ, ನಂದೂ ಪಾಲೈತಿ. ನೀವು ತಿದ್ದಿದ್ರ ನಾಳೆ ಯಾವನೋ ಬ್ರೆಜಿಲ್‌ನಾಂವ ಬಳಸ್ತಾನ. ತಿಳೀತೇನು?"

ನಮಗೆ ತಿಳಿಯಿತು. ಅಷ್ಟೇ ಅಲ್ಲ, ನಂಬಿದೆವು.

ಆಗ ಹೊರದೇಶದ ಒಂದು ಕಂಪನಿ ಕೇಳಿದವರಿಗೆಲ್ಲ ಲಿನಕ್ಸಿನ ಸಿ.ಡಿ.ಗಳನ್ನು ಅಂಚೆಯಲ್ಲಿ ಕಳಿಸುತ್ತಿತ್ತು, ಅಂಚೆಯ ಖರ್ಚೂ ತನ್ನದೇ. ನನ್ನ ಹೆಸರಿಗೂ ಬೆಟಗೇರಿಯ ನಮ್ಮ ಮನೆಗೆ ಒಂದು ಪಾಕೀಟು ಬಂತು. ಹತ್ತಿ ವ್ಯಾಪಾರದ ನನ್ನ ಅಪ್ಪ ಅದನ್ನು ಹಿಂದೆ ಮುಂದೆ ತಿರುವಿ ನೋಡಿದ.

"ಇದಕ್ಕ ಎಷ್ಟ ಕೊಟ್ಟಿ?"

"ಏನೂ ಇಲ್ಲಪ್ಪ. ಸುಮ್ನ ಕಳಿಸ್ಯಾರ."

"ಪರದೇಶದಾವ್ರು ನಿನಗ ಸುಮ್ನ ಯಾಕ ಕಳಿಸ್ತಾರ? ಜ್ವಾಕಿ ಇರು."

ನಾನು ನಕ್ಕೆ. ಅವನಿಗೆ ಸರ್ ಹೇಳಿದ ಕಥೆಯನ್ನೆಲ್ಲ ಹೇಳಿದೆ. ಅಪ್ಪ ಅಡಿಕೆ ಕತ್ತರಿಸುತ್ತ ಕೇಳಿದ.

ಮದುವೆಯಾಗಿ ಲಕ್ಷ್ಮೇಶ್ವರಕ್ಕೆ ಬಂದೆ. ಗೆಳತಿಯ ಓಣಿಯ ಹಿಂದಿನ ಓಣಿಯೇ ನನ್ನ ಗಂಡನ ಮನೆ. ಶಿರಹಟ್ಟಿಯ ಒಂದು ಅನುದಾನಿತ ಖಾಸಗಿ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಸಿಕ್ಕಿತು. ಅಲ್ಲಿನ ಲ್ಯಾಬಿನಲ್ಲಿ ಯಾರೋ ದಾನ ಕೊಟ್ಟ ಹಳೆಯ ಕಂಪ್ಯೂಟರುಗಳಿದ್ದವು. ಎಲ್ಲದರಲ್ಲೂ ಕದ್ದ ವಿಂಡೋಸ್, ಎಲ್ಲದಕ್ಕೂ ವೈರಸ್. ಆನ್ ಮಾಡಿದರೆ ಗಂಟಲು ಕಟ್ಟಿದವರ ಹಾಗೆ ಗೊರಗುಟ್ಟಿ ನಿಂತುಬಿಡುತ್ತಿದ್ದವು. ನಾನು ಒಂದು ಶನಿವಾರ ಮಧ್ಯಾಹ್ನ ಕೂತು ಎಲ್ಲದಕ್ಕೂ ಲಿನಕ್ಸ್ ಹಾಕಿದೆ. ಸೋಮವಾರ ಮಕ್ಕಳು ಬಂದಾಗ ಅವು ನಡೆಯುತ್ತಿದ್ದವು.

ತೊಡಕು ಬೇರೆ ಇತ್ತು. ಪರದೆಯ ಮೇಲಿದ್ದದ್ದೆಲ್ಲ ಇಂಗ್ಲಿಷು. ಮಕ್ಕಳು ಶಬ್ದ ಓದುತ್ತಿರಲಿಲ್ಲ. 'ಮ್ಯಾಲಿಂದ ಮೂರನೇದು ಒತ್ತು' ಎಂದು ಜಾಗ ನೆನಪಿಟ್ಟುಕೊಳ್ಳುತ್ತಿದ್ದರು. ಜಾಗ ಸ್ವಲ್ಪ ಬದಲಾದರೆ ಕಲಿತದ್ದೆಲ್ಲ ಮಣ್ಣುಪಾಲು. ಇದನ್ನು ಗೆಳತಿಗೆ ಹೇಳಿದೆ. ಅವಳು ಆಗ ತಂದೆಯ ಇನ್‌ಸ್ಟಿಟ್ಯೂಟನ್ನು ತಾನೇ ನಡೆಸುತ್ತಿದ್ದಳು.

"ಅದರಾಗ ನಮ್ಮ ಪಾಲೂ ಐತಿ ಅಂದಿದ್ರಲ್ಲ ಸರ್," ಎಂದಳು. "ನಮ್ಮ ಪಾಲಿಂದ ನಾವ ಮಾಡೂಣು. ಕನ್ನಡ ಹಾಕೂಣು."

ಆ ಹೊತ್ತಿಗೆ ಬೆಂಗಳೂರಿನಲ್ಲಿ ಸ್ವಯಂಸೇವಕರ ಒಂದು ತಂಡ ಲಿನಕ್ಸಿನ ಪರದೆಗಳನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿತ್ತು. ಬರೆದು ಕೇಳಿದೆವು, ಒಂದು ಭಾಗವನ್ನು ನಮಗೆ ಬಿಟ್ಟುಕೊಟ್ಟರು. ಸರ್‌ಗೆ ಫೋನ್ ಮಾಡಿದರೆ ಅವರು ನಮಗಿಂತ ಹಿಗ್ಗಿದರು. ಅಲ್ಲಿಂದ ಪ್ರತಿ ರವಿವಾರ ಗದಗಿನ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಬರತೊಡಗಿದರು. ಬಸ್ ಸ್ಟ್ಯಾಂಡಿನಲ್ಲಿ ಗಿರ್ಮಿಟ್ಟು, ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದರು. ಟೈಪ್‌ರೈಟರುಗಳನ್ನು ಗೋಡೆಗೆ ಸರಿಸಿ, ನಡುವೆ ಎರಡು ಕಂಪ್ಯೂಟರ್ ಇಟ್ಟುಕೊಂಡು ಮೂವರೂ ಕೂಡುತ್ತಿದ್ದೆವು.

ಅಷ್ಟು ಸುಖವಾಗಿ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ಒಂದೊಂದು ಶಬ್ದಕ್ಕೂ ವಾದ. 'ಓಪನ್' ಎಂಬುದಕ್ಕೆ 'ತೆರೆ' ಎಂದರೆ ಗೆಳತಿ ಒಪ್ಪುತ್ತಿರಲಿಲ್ಲ. ನಮ್ಮ ಕಡೆ ಯಾರು ಬಾಗಿಲು ತೆರೆಯುತ್ತಾರೆ, ತೆಗೆಯುತ್ತಾರೆ ಎನ್ನುತ್ತಿದ್ದಳು. ಆದರೆ 'ತೆಗೆ' ಎಂದರೆ ಅಳಿಸಿಹಾಕು ಎಂದು ಮಕ್ಕಳು ತಿಳಿದಾರೆಂದು ನನ್ನ ಭಯ. ಕೊನೆಗೆ 'ತೆರೆ'ಯೇ ಉಳಿಯಿತು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು 'ಕ್ಲಿಪ್‌ಬೋರ್ಡ್'. ಒಂದು ಕಡೆಯ ಬರಹವನ್ನು ನಕಲು ಮಾಡಿದಾಗ ಅದು ಇನ್ನೊಂದು ಕಡೆ ಹಾಕುವ ತನಕ ಕಣ್ಣಿಗೆ ಕಾಣದೆ ಕೂತಿರುತ್ತದಲ್ಲ, ಆ ಜಾಗ. ಅದಕ್ಕೆ ಕನ್ನಡದಲ್ಲಿ ಏನನ್ನಬೇಕು? ಎರಡು ರವಿವಾರ ಅದರಲ್ಲೇ ಹೋದವು.

ಗೆಳತಿ ಒಮ್ಮೆಲೇ ಕೇಳಿದಳು, "ಹೊಲದಾಗ ಹೆಣ್ಮಕ್ಳು ಹತ್ತಿ ಬಿಡಿಸಿ ಎಲ್ಲಿ ಹಾಕ್ಕೋತಾರ?"

"ಉಡ್ಯಾಗ," ಎಂದೆ, ಸೆರಗನ್ನು ಚೀಲದ ಹಾಗೆ ಹಿಡಿದು ತೋರಿಸುತ್ತ.

"ಆಮ್ಯಾಲೆ?"

"ಒಯ್ದು ಇನ್ನೊಂದ ಕಡೆ ಸುರೀತಾರ."

"ಮತ್ತ ಉಡಿ ಅನ್ನೂಣಲ್ಲ!"

ಸರ್ ಕೈಯಲ್ಲಿದ್ದ ಮಿರ್ಚಿಯನ್ನು ಕಾಗದದ ಮೇಲಿಟ್ಟು ಎದ್ದು ನಿಂತರು. "ಏನ ಹುಡುಗೀವಾ ನೀನು! ಇಂಗ್ಲಿಷಿನಾವ್ರಿಗೂ ಇಷ್ಟ ಚಂದ ಹೊಳದಿಲ್ಲ," ಎಂದರು. ಅವರ ಕಣ್ಣು ತೇವವಾಗಿತ್ತು. ಆ ದಿನ ಆ ಮನುಷ್ಯ ನಟಿಸುತ್ತಿರಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ನ್ಯಾಯವಾಗುವುದಿಲ್ಲ.

ಭಾಗ ಮುಗಿಸಿ ಬೆಂಗಳೂರಿಗೆ ಕಳಿಸಿದೆವು. ಕೆಲವು ವಾರಗಳ ಮೇಲೆ ಉತ್ತರ ಬಂತು. ಕೆಲಸ ಅಚ್ಚುಕಟ್ಟಾಗಿದೆ, ಆದರೆ ಹಲವು ಪದಗಳು ಪ್ರಾದೇಶಿಕವಾಗಿವೆ, ಎಲ್ಲ ಕನ್ನಡಿಗರಿಗೂ ಹೊಂದುವಂತೆ ಬದಲಿಸಲಾಗಿದೆ ಎಂದಿತ್ತು. 'ಉಡಿ' ಹೋಗಿ 'ನಕಲುಫಲಕ' ಬಂದಿತ್ತು.

"ಇದು ಯಾವ ಕನ್ನಡಿಗರಿಗೆ ಹೊಂದತೈತಿ?" ಎಂದು ಗೆಳತಿ ಕೇಳಿದಳು. "ನಕಲುಫಲಕ ಅನ್ನೋ ಮಾತ ನೀ ಯಾರ ಬಾಯಾಗರ ಕೇಳೀಯೇನು?"

ಪ್ರತಿಯಾಗಿ ಬರೆದೆವು, ಉತ್ತರ ಬರಲಿಲ್ಲ. ನಾವು ನಮ್ಮ ಪ್ರತಿಯಲ್ಲಿ ನಮ್ಮ ಶಬ್ದಗಳನ್ನೇ ಇಟ್ಟುಕೊಂಡೆವು. ಕರಾರೇ ಹಾಗೆ ಹೇಳುತ್ತಿತ್ತಲ್ಲ, ತಿದ್ದಿ ಬಳಸಿ ಎಂದು. 'ಈ ತಂತ್ರಾಂಶದ ಬಗ್ಗೆ' ಎಂಬ ಕಿಂಡಿಯಲ್ಲಿ ನಮ್ಮ ಮೂವರ ಹೆಸರು ಹಾಕಿದೆವು. ಆಗ ಆ ಪ್ರತಿ ಶಿರಹಟ್ಟಿಯ ನನ್ನ ಲ್ಯಾಬಿನಲ್ಲಿ, ಗೆಳತಿಯ ಇನ್‌ಸ್ಟಿಟ್ಯೂಟಿನಲ್ಲಿ ಮತ್ತು ಸರ್ ಬಳಿ ಮಾತ್ರ ಇತ್ತು.

ಶಾಲೆಯಲ್ಲಿ ಅದನ್ನು ಹಾಕಿದ ಮರುದಿನ ಎಂಟನೇ ತರಗತಿಯ ಒಂದು ಹುಡುಗಿ ಕೈ ಎತ್ತಿ ಕೇಳಿದಳು, "ಅಕ್ಕೋರ, ಉಡ್ಯಾಗ ಹಾಕ್ಕೊಂಡೀನ್ರಿ. ಈಗ ಎಲ್ಲಿ ಸುರೂಲ್ರಿ?" ನಾನು ಯಾರಿಗೂ ಏನನ್ನೂ ವಿವರಿಸಿರಲಿಲ್ಲ. ಸಂಜೆ ಬಸ್ಸಿಳಿದು ಮನೆಗೂ ಹೋಗದೆ ನೆಟ್ಟಗೆ ಗೆಳತಿಯ ಇನ್‌ಸ್ಟಿಟ್ಯೂಟಿಗೆ ಹೋಗಿ ಇದನ್ನು ಹೇಳಿದೆ. ಅವಳು ಆ ಮಾತನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿಕೊಂಡಳು.

ನಮ್ಮ ಸುಖಕ್ಕೆ ಅದೇ ತುದಿ. ಆಮೇಲಿನದೆಲ್ಲ ಇಳಿಜಾರು.

ಬೇರೆ ಶಾಲೆಗಳಿಗೂ ಕೊಡೋಣವೆಂದು ಸರ್ ಮತ್ತು ನಾನು ಅದರ ಸಿ.ಡಿ.ಗಳನ್ನು ಚೀಲದಲ್ಲಿ ತುಂಬಿಕೊಂಡು ಮುಂಡರಗಿಯ ಕಡೆ ಹೋದೆವು. ಒಂದು ಕಡೆ ಮುಖ್ಯೋಪಾಧ್ಯಾಯರು ಊಟಕ್ಕೆ ಹೋಗಿದ್ದರು, ತಿರುಗಿ ಬರಲಿಲ್ಲ. ಇನ್ನೊಂದು ಕಡೆ, ಯಾವ ಕಂಪನಿಯವರು ನೀವು ಎಂದು ಕೇಳಿದರು. ಯಾವ ಕಂಪನಿಯೂ ಅಲ್ಲ, ಪುಕ್ಕಟೆ ಎಂದಾಗ ಅವರ ಮುಖದ ಮೇಲಿದ್ದ ಗೌರವ ನಮ್ಮ ಕಣ್ಣೆದುರೇ ಇಳಿದುಹೋಯಿತು. ಒಬ್ಬ ಮುಖ್ಯೋಪಾಧ್ಯಾಯರು ಮಾತ್ರ, "ಇಟ್ಟ ಹೋಗ್ರಿ, ನೋಡೂಣು," ಎಂದು ಒಂದು ಕಟ್ಟು ಸಿ.ಡಿ. ಇಸಿದುಕೊಂಡರು. ತಮ್ಮ ಹೊಲ ಡಂಬಳದ ರಸ್ತೆಗೇ ಇದೆ, ಯಾವಾಗಲಾದರೂ ಹಸಿ ಜೋಳದ ತೆನೆ ಸುಟ್ಟು ಮಾಡುವ ಸೀತನಿ ತಿನ್ನಲು ಬನ್ನಿ ಎಂದು ಕರೆದರು. ನಮಗೆ ಅಷ್ಟೇ ಸಾಕಾಗಿತ್ತು.

ಜೋಳ ಹಾಲುಗಾಳಾಗುವ ಹೊತ್ತಿಗೆ ನಾವಿಬ್ಬರೂ ಡಂಬಳದ ಒಂದು ಶಾಲೆಗೆ ಹೊರಟಿದ್ದೆವು. ಬಸ್ಸಿನ ಕಿಟಕಿಯಿಂದ ಹೊಲದಲ್ಲಿ ಏನೋ ಮಿರಮಿರ ಮಿಂಚುವುದು ಕಂಡಿತು. ಸಿ.ಡಿ.ಗಳು. ತೆನೆಗೆ ಬೀಳುವ ಗಿಳಿ ಓಡಿಸಲು ದಾರಕ್ಕೆ ಪೋಣಿಸಿ ಹೊಲದ ಉದ್ದಕ್ಕೂ ಇಳಿಬಿಟ್ಟಿದ್ದರು. ಅವುಗಳ ಮೇಲೆ ನಾನೇ ದಪ್ಪ ಪೆನ್ನಿನಲ್ಲಿ ಬರೆದಿದ್ದ ಕನ್ನಡ ಅಕ್ಷರ ಬಸ್ಸಿನಿಂದಲೇ ಗುರುತು ಸಿಗುತ್ತಿತ್ತು. ಹೊಲದ ಬದುವಿನ ಮೇಲೆ ಸೀತನಿಗೆ ಕರೆದಿದ್ದ ಮುಖ್ಯೋಪಾಧ್ಯಾಯರು ನಿಂತಿದ್ದರು. ನಮ್ಮನ್ನು ನೋಡಿ ಕೈ ಬೀಸಿದರು.

ಸರ್ ಕೈ ಬೀಸಲಿಲ್ಲ. ಡಂಬಳದಲ್ಲಿ ಬಸ್ಸಿಳಿದ ಮೇಲೆ, "ನೀವು ಹೋಗಿ ಬರ್ರಿ. ನಾ ಇಲ್ಲೇ ಕುಂತಿರ್ತೀನಿ," ಎಂದು ಕೆರೆಯ ಏರಿಯ ಮೇಲೆ ಕೂತುಬಿಟ್ಟರು. ಆ ದಿನ ಅವರೊಳಗೆ ಏನೋ ಮುರಿಯಿತು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಅವರ ಮೇಲೆ ಕನಿಕರ ಬಂದಿತ್ತು.

ಅದೇ ವರ್ಷ ನಮ್ಮ ಶಾಲೆಯ ಆಡಳಿತ ಮಂಡಳಿಯ ಸಭೆಯಲ್ಲಿ ಪಾಲಕರು ತಕರಾರು ತೆಗೆದರು. ಒಬ್ಬರು ಎದ್ದು ನಿಂತು, "ಗದಗಿನ ಸಾಲ್ಯಾಗ ರೊಕ್ಕಾ ಕೊಟ್ಟಿದ್ದು ಕಲಸ್ತಾರಂತ. ನಮ್ಮ ಮಕ್ಕಳಿಗೆ ಈ ಪುಕ್ಕಟೆದ್ದು ಯಾಕ್ರಿ? ನಾವೇನ ಫೀ ಕೊಡೂದಿಲ್ಲೇನು?" ಎಂದು ಕೇಳಿದರು. ಅಧ್ಯಕ್ಷರು ದೊಡ್ಡ ಕಾಳಿನ ವ್ಯಾಪಾರಸ್ಥರು. ನನ್ನ ಕಡೆ ತಿರುಗಿದರು.

"ಅಕ್ಕೋರ, ಯಾರ ಹೇಳಿದ್ರು ನಿಮಗ ಇದನ್ನ ಹಾಕಾಕ?"

"ಇದು ಯಾತರಾಗೂ ಕಡಿಮಿ ಇಲ್ರಿ. ಕದ್ದಿದ್ದೂ ಅಲ್ರಿ. ಮದಲ ಇದ್ದದ್ದು ಕದ್ದಿದ್ದ್ರಿ."

"ಕದ್ದಿದ್ದರ ಆಗ್ಲಿ, ಎಲ್ಲಾರೂ ಬಳಸೂದು ಅದನ್ನ ಅಲ್ಲ? ಅದನ್ನ ಹಾಕ್ರಿ."

ಹೇಳಿದಂತೆ ಮಾಡಬೇಕಾಯಿತು. ಮಕ್ಕಳು ಮತ್ತೆ ಮೇಲಿಂದ ಮೂರನೆಯದನ್ನು ಒತ್ತತೊಡಗಿದರು.

ಸರ್ ಕಾಲೇಜು ಬಿಟ್ಟು ಗದಗಿನಲ್ಲಿ ತಮ್ಮದೇ ಕಂಪನಿ ತೆರೆದರೆಂದು ಮುಂದೊಂದು ದಿನ ಸುದ್ದಿ ಬಂತು. ರವಿವಾರದ ಭೇಟಿಗಳು ನಿಂತು ಆಗಲೇ ಬಹಳ ದಿನವಾಗಿತ್ತು. ಫೋನ್ ಮಾಡಿದರೆ, "ಸ್ವಲ್ಪ ಗಡಿಬಿಡ್ಯಾಗ ಅದೀನಿ, ಆಮ್ಯಾಲೆ ಮಾಡ್ತೀನಿ," ಎನ್ನುತ್ತಿದ್ದರು, ಮಾಡುತ್ತಿರಲಿಲ್ಲ. ನಾವು ತಪ್ಪು ತಿಳಿಯಲಿಲ್ಲ. ಹೊಸ ವ್ಯವಹಾರ, ಪುರುಸೊತ್ತು ಎಲ್ಲಿ ಎಂದುಕೊಂಡೆವು.

ಕೆಲ ವರ್ಷಗಳ ಮೇಲೆ ನಮ್ಮ ಶಾಲೆಗೆ ಹೊಸ ಲ್ಯಾಬು ಬಂತು. ಹೊಸ ಕಂಪ್ಯೂಟರುಗಳು, ಅವುಗಳ ಜೊತೆಗೆ 'ಸಂಪೂರ್ಣ ಕನ್ನಡ ಶಾಲಾ ವ್ಯವಸ್ಥೆ'. ಉದ್ಘಾಟನೆಗೆ ಪೆಂಡಾಲು ಹಾಕಿಸಿದ್ದರು. ಕಂಪನಿಯ ಯಜಮಾನರೆಂದು ವೇದಿಕೆಯ ಮೇಲೆ ಬಂದು ಕೂತವರು ನಮ್ಮ ಸರ್. ಮೈ ತುಂಬಿಕೊಂಡಿದ್ದರು, ಇಸ್ತ್ರಿ ಅಂಗಿ. ಅದೇ ಅಧ್ಯಕ್ಷರು ಅವರಿಗೆ ಶಾಲು ಹೊದಿಸಿ, ಇಂಥ ಬೆಲೆಬಾಳುವ ಸಾಧನ ನಮ್ಮ ತಾಲೂಕಿಗೆ ಬಂದದ್ದು ಭಾಗ್ಯ ಎಂದರು. ಸರ್ ನನ್ನನ್ನು ನೋಡಿ ತಲೆ ಅಲ್ಲಾಡಿಸಿದರು, ಪರಿಚಯದವರನ್ನು ನೋಡಿ ಅಲ್ಲಾಡಿಸುವ ಹಾಗೆ.

ಮರುದಿನ ನಾನು ಒಂದು ಕಂಪ್ಯೂಟರ್ ಹಚ್ಚಿದೆ. ಮೇಲ್ಗಡೆ ಕಂಪನಿಯ ಹೆಸರು, ಬಣ್ಣ ಹೊಸದು. ಒಂದು ಪ್ಯಾರಾ ಟೈಪ್ ಮಾಡಿ ನಕಲು ಮಾಡಿದೆ. ಕೆಳಗೆ ಒಂದು ಸಾಲು ಮೂಡಿತು. 'ಉಡಿಯಲ್ಲಿ ಇಡಲಾಗಿದೆ.'

ಬೆಂಗಳೂರಿನವರು ಆ ಶಬ್ದವನ್ನು ಕಿತ್ತುಹಾಕಿದ್ದರು. ಜಗತ್ತಿನಲ್ಲಿ ಅದು ಇದ್ದದ್ದು ನಮ್ಮ ಮೂವರ ಪ್ರತಿಯಲ್ಲಿ, ಅದರಿಂದ ನಾವು ಹಂಚಿದ ಸಿ.ಡಿ.ಗಳಲ್ಲಿ ಮಾತ್ರ. ಪ್ರತಿಯೊಂದು ಮೆನು ತೆಗೆದು ನೋಡಿದೆ. ಎಲ್ಲ ನಮ್ಮ ಶಬ್ದಗಳೇ, ನಾನು ವಾದ ಮಾಡಿ ಗೆದ್ದವು, ಸೋತವು, ಗೆಳತಿ ಮುನಿಸಿಕೊಂಡು ಒಪ್ಪಿದವು. 'ಈ ತಂತ್ರಾಂಶದ ಬಗ್ಗೆ' ತೆಗೆದರೆ ನಮ್ಮ ಹೆಸರಿರಲಿಲ್ಲ. 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂದಿತ್ತು. ಒಳಗಿನದನ್ನು ನೋಡಲು, ತಿದ್ದಲು ಹೋದರೆ ಪಾಸ್‌ವರ್ಡ್ ಕೇಳಿತು. ವರ್ಷಕ್ಕೊಮ್ಮೆ ಕಂಪನಿಯಿಂದ ಹೊಸ ಪರವಾನಗಿ ಪಡೆಯದಿದ್ದರೆ ಇಡೀ ವ್ಯವಸ್ಥೆ ನಿಲ್ಲುತ್ತದೆಂದು ಶಾಲೆ ಸಹಿ ಹಾಕಿದ ಕರಾರಿನಲ್ಲಿತ್ತು.

ಗೆಳತಿಗೆ ಹೇಳಿದೆ. ಅವಳು ಶಟರ್ ಎಳೆದು, "ನಡಿ ಗದಗಿಗೆ," ಎಂದಳು.

ಸ್ಟೇಶನ್ ರೋಡಿನ ಕಚೇರಿಯಲ್ಲಿ ಸರ್ ತಾವೇ ಎದ್ದು ಬಂದು ಕುರ್ಚಿ ಸರಿಸಿದರು. "ಕುಂಡ್ರಿ, ಕುಂಡ್ರಿ. ಚಾ ಹೇಳ್ಲಿ?"

"ಚಾ ಬ್ಯಾಡ್ರಿ ಸರ್," ಎಂದಳು ಗೆಳತಿ. "ಉಡಿ ಅನ್ನೂ ಮಾತು ನಿಮ್ಮ ಕಂಪನಿಗೆ ಎಲ್ಲಿಂದ ಬಂತ್ರಿ?"

ಅವರು ತಬ್ಬಿಬ್ಬಾಗಲಿಲ್ಲ. "ನಿಂದ. ಅಲ್ಲ ಅಂದ್ನೇನು?"

"ಮತ್ತ ನಮ್ಮ ಹೆಸರು?"

"ಹೆಸರ ಇಟ್ಟಿದ್ರ ಯಾರ ತಗೋತಿದ್ರವಾ? ಲಕ್ಷ್ಮೇಶ್ವರದಾಗ ಇಬ್ರು ಹೆಣ್ಮಕ್ಳು ಕುಂತು ಮಾಡ್ಯಾರ ಅಂದ್ರ ಆ ಕಮಿಟಿಯಾವ್ರು ಸಹಿ ಹಾಕತಿದ್ರೇನು?" ನನ್ನ ಕಡೆ ತಿರುಗಿದರು. "ನೀವರ ಹೇಳ್ರಿ. ಚೀಲ ಹೊತ್ಕೊಂಡು ಮುಂಡರಗಿ ತುಂಬ ಅಡ್ಡಾಡಿದ್ವಿ. ಪುಕ್ಕಟೆ ಅಂದ್ವಿ, ಒಲ್ಲೆ ಅಂದ್ರು. ಗಿಳಿ ಓಡಸಾಕ ಹಚ್ಚಿದ್ರು. ಅದನ್ನ ನಾ ರೊಕ್ಕಾ ಹೇಳಿದೆ, ಶಾಲು ಹೊಚ್ಚಿ ತಗೊಂಡ್ರು. ಈಗ ಎಷ್ಟ ಸಾಲ್ಯಾಗ ಮಕ್ಕಳು ಕನ್ನಡದಾಗ ಕಲ್ಯಾಕತ್ತಾರ ಗೊತ್ತೈತೇನು? ನಿಮ್ಮ ಶಬ್ದ ಅವರ ಬಾಯಾಗ ಅದಾವು. ಅದು ನಿಮಗ ಬೇಕಿದ್ದಿಲ್ಲೇನು?"

ಅವರು ಹೇಳಿದ್ದನ್ನೆಲ್ಲ ನಾನೂ ಕಂಡಿದ್ದೆ. ಅದು ಸುಳ್ಳಾಗಿರಲಿಲ್ಲ.

ಗೆಳತಿ ಮೆಲ್ಲಗೆ ಕೇಳಿದಳು, "ಮಾರಿದ್ದಕ್ಕ ನಮಗ ಸಿಟ್ಟಿಲ್ರಿ. ಮಾರಬಹುದು ಅಂತ ನೀವ ಹೇಳಿ ಕೊಟ್ಟೀರಿ. ಕೀಲಿ ಯಾಕ ಹಾಕಿದ್ರಿ?"

"ಕೀಲಿ ಹಾಕದಿದ್ರ ಒಂದ ಸಾಲಿ ತಗೊಂಡು ಉಳದ ಸಾಲಿಗೆಲ್ಲಾ ಹಂಚತಾರ."

"ಹಂಚಲಿ ಅಂತನ ಅಲ್ರಿ ನಾವು ಮಾಡಿದ್ದು?"

ಸರ್ ಮೇಜಿನ ಮೇಲಿದ್ದ ಫೋನನ್ನು ಎತ್ತಿ ನೋಡಿ ಮತ್ತೆ ಇಟ್ಟರು. ಅದು ಸದ್ದು ಮಾಡಿರಲಿಲ್ಲ. "ನಿಮಗಿಬ್ರಿಗೂ ಇಲ್ಲೇ ಕೆಲಸ ಕೊಡ್ತೀನಿ. ಟ್ರೇನಿಂಗ್ ಕೊಡಾಕ ಜನಾ ಬೇಕಾಗ್ಯಾರ," ಎಂದರು. ಗೆಳತಿ ಎದ್ದಳು. ನಾನೂ ಎದ್ದೆ.

ಲಕ್ಷ್ಮೇಶ್ವರದ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಅಡರಕಟ್ಟಿ ದಾಟುವಾಗ, "ಅವ್ರು ಸುಳ್ಳ ಹೇಳಿದ್ರ ಛಲೋ ಇತ್ತು," ಎಂದಳು.

ಲಿನಕ್ಸಿನ ಕರಾರು ಮುರಿದವರ ಮೇಲೆ ಏನಾದರೂ ಮಾಡಬಹುದೇ ಎಂದು ಬೆಂಗಳೂರಿನ ತಂಡಕ್ಕೆ ಬರೆದೆ. ಈ ಸಲ ಉತ್ತರ ಬೇಗ ಬಂತು. ನೀವು ಹೇಳುವ ಅನುವಾದ ನಮ್ಮ ಅಧಿಕೃತ ಆವೃತ್ತಿಯಲ್ಲಿಲ್ಲ. ನಮ್ಮಲ್ಲಿರುವ ಪದ 'ನಕಲುಫಲಕ'. ಆದ್ದರಿಂದ ಇದು ತಂಡಕ್ಕೆ ಸಂಬಂಧಿಸಿದ ವಿಷಯವಲ್ಲ ಎಂದಿತ್ತು. ತಮ್ಮದು ಎಂದುಕೊಳ್ಳಲು ಅವರಿಗೆ ಬೇಡವಾದ ಶಬ್ದ ಕದಿಯುವವರಿಗೆ ಮಾತ್ರ ಬೇಕಾಗಿತ್ತು. ಗದಗಿನ ಒಬ್ಬ ವಕೀಲರನ್ನು ಕೇಳಿದರೆ, ಪುಕ್ಕಟೆ ಕೊಟ್ಟದ್ದನ್ನು ಕದಿಯುವುದೆಂದರೆ ಏನು ಎಂದು ನಿಜವಾದ ಬೆರಗಿನಿಂದ ಕೇಳಿದರು. ನನ್ನ ಗಂಡ ಜವಳಿ ಅಂಗಡಿಯವ, ಸಂಭಾವಿತ. ಅವನೂ ಒಂದು ದಿನ ಊಟಕ್ಕೆ ಕೂತಾಗ, "ಹೋಗ್ಲಿ ಬಿಡು, ನಿನ್ನ ಗಂಟೇನ ಹೋತು?" ಎಂದ. ನಾನು ಅನ್ನಕ್ಕೆ ಕೈ ಹಾಕದೆ ಎದ್ದೆ. ಅವನಿಗೆ ಯಾಕೆಂದು ತಿಳಿಯಲಿಲ್ಲ.

ಶಾಲೆಯಲ್ಲಿ ನಾನು ನನ್ನದೇ ಶಬ್ದಗಳನ್ನು ಕಂಪನಿಯ ಹೆಸರಿನಲ್ಲಿ ಕಲಿಸಿದೆ. ಕಂಪನಿಯ ಹುಡುಗರು ಬಂದು, 'ಉಡಿ' ಎಂದರೇನೆಂದು ನನಗೆ ತರಬೇತಿ ಕೊಟ್ಟು ಹೋದರು.

ಆಮೇಲೆ ಕಂಪನಿ ಮುಳುಗಿತು. ಪಾಲುದಾರರ ಜಗಳವಂತೆ, ನನಗೆ ಪೂರ್ತಿ ಗೊತ್ತಿಲ್ಲ. ಒಂದು ಸೋಮವಾರ ಲ್ಯಾಬಿನ ಬಾಗಿಲು ತೆಗೆದು ಕಂಪ್ಯೂಟರ್ ಹಚ್ಚಿದರೆ ಎಲ್ಲ ಪರದೆಗಳ ಮೇಲೂ ಒಂದೇ ಸಾಲು. 'ನಿಮ್ಮ ಪರವಾನಗಿಯ ಅವಧಿ ಮುಗಿದಿದೆ. ದಯವಿಟ್ಟು ಸಂಪರ್ಕಿಸಿ.' ಸಂಪರ್ಕಿಸಲು ಅಲ್ಲಿ ಯಾರೂ ಉಳಿದಿರಲಿಲ್ಲ. ಮಕ್ಕಳು ಹಿಂದಿನ ತಿಂಗಳೆಲ್ಲ ತಮ್ಮ ತಮ್ಮ ಊರಿನ ಬಗ್ಗೆ ಕನ್ನಡದಲ್ಲಿ ಟೈಪ್ ಮಾಡಿದ್ದರು, ಶಾಲೆಯ ಸಂಚಿಕೆಗೆಂದು. ಅದೆಲ್ಲ ಆ ಸಾಲಿನ ಹಿಂದೆ ಉಳಿಯಿತು.

ಅಧ್ಯಕ್ಷರ ಅಂಗಡಿಗೆ ಹೋದೆ. "ಒಂದ ದಿನ ಕೊಡ್ರಿ. ಕೀಲಿ ತಗದು, ಮಕ್ಕಳದ್ದೆಲ್ಲಾ ಉಳಿಸಿ, ಬ್ಯಾರೇ ಹಾಕಿ ಕೊಡ್ತೀನಿ," ಎಂದೆ.

"ಯಾವದು? ಆ ಪುಕ್ಕಟೆದ್ದು?"

"ಒಳಗ ಇರೂದೂ ಅದ ಐತ್ರಿ. ಮದ್ಲೂ ಅದ, ಈಗೂ ಅದ."

"ಅಕ್ಕೋರ, ಕರಾರ ಪತ್ರದಾಗ ಮುಟ್ಟಬಾರ್ದು ಅಂತ ಬರದೈತಿ. ನೀವು ಬಿಚ್ಚಿ ಕೆಡಿಸಿದ್ರ ಹೊಣಿ ಯಾರು? ಇರ್ಲಿ ಬಿಡ್ರಿ, ನೋಡೂಣು."

ನೋಡುತ್ತ ಹೋದರು. ಲ್ಯಾಬಿನಲ್ಲಿ ಮೊದಲು ಪರೀಕ್ಷೆಯ ಬೆಂಚುಗಳು ಬಂದವು, ಆಮೇಲೆ ಬಿಸಿಯೂಟದ ಅಕ್ಕಿಯ ಚೀಲ. ಅಕ್ಕಿಯ ಹಿಂದೆ ಇಲಿ ಬಂದವು, ವೈರು ಕಡಿದವು.

ಆ ನಡುವೆ ಒಂದು ದಿನ ಗದಗಿನ ಹೊಸ ಬಸ್ ಸ್ಟ್ಯಾಂಡಿನಲ್ಲಿ ಸರ್ ಸಿಕ್ಕರು. ಬೆಂಚಿನ ಮೇಲೆ ಕೂತಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾತಾಡಿಸಬಾರದೆಂದಿದ್ದೆ, ಮಕ್ಕಳ ಬರಹ ನೆನಪಾಗಿ ಹತ್ತಿರ ಹೋದೆ.

"ಸರ್, ಆ ಪಾಸ್‌ವರ್ಡರ ಹೇಳ್ರಿ. ಮಕ್ಕಳು ಬರದಿದ್ದು ಅದರಾಗ ಐತಿ."

ಅವರು ತಲೆ ತಗ್ಗಿಸಿದರು. "ನನಗೂ ಗೊತ್ತಿಲ್ರಿ. ಅದನ್ನ ಹುಡುಗ್ರು ಇಟ್ಟಿದ್ರು. ಆ ಹುಡುಗ್ರು ಈಗ ಎಲ್ಲಿ ಅದಾರ ಅಂತನೂ ಗೊತ್ತಿಲ್ಲ."

ಕೀಲಿ ಹಾಕಿದವನ ಕೈಯಲ್ಲೂ ಕೀಲಿಕೈ ಇರಲಿಲ್ಲ. ಅವರ ಸ್ಥಿತಿ ನೋಡಿ ನನಗೆ ಸಮಾಧಾನವಾಗಬೇಕಿತ್ತು ಎಂದು ಆಮೇಲೆ ಅನ್ನಿಸಿತು. ಆಗಲಿಲ್ಲ. ಕ್ಷಮಿಸಬೇಕೆಂದೂ ಅನ್ನಿಸಲಿಲ್ಲ. ನನ್ನ ಬಸ್ಸು ಬಂತು, ಹತ್ತಿದೆ.

ಹೋದ ಬೇಸಿಗೆಯಲ್ಲಿ ಕಂಪ್ಯೂಟರುಗಳನ್ನು ಗುಜರಿಗೆ ಹರಾಜು ಹಾಕಿದರು. ಒಂದನ್ನಾದರೂ ನನಗೆ ಬಿಡಿ ಎಂದು ಕೇಳಿದೆ. ಬಿಡಿಯಾಗಿ ಕೊಡುವ ಹಾಗಿಲ್ಲ, ಒಟ್ಟಿಗೆ ಹೋಗಬೇಕು ಎಂದರು. ಟಂಟಂ ಗಾಡಿಯಲ್ಲಿ ಒಂದರ ಮೇಲೊಂದು ಪೇರಿಸಿಕೊಂಡು ಹೋದರು. ಗೆಳತಿಯ ಇನ್‌ಸ್ಟಿಟ್ಯೂಟು ಅದಕ್ಕೂ ಮೊದಲೇ ಮುಚ್ಚಿತ್ತು. ಅವಳು ಈಗ ಅದೇ ಜಾಗದಲ್ಲಿ ಬ್ಲೌಸ್ ಪೀಸ್, ಫಾಲ್ ಮಾರುತ್ತಾಳೆ. ವ್ಯಾಪಾ‍ರ ಚೆನ್ನಾಗಿದೆ. ನಾನು ಹೋದರೆ ಮಕ್ಕಳ ಮದುವೆಯ ಮಾತು, ಮಂಡಿನೋವಿನ ಮಾತು ಆಡುತ್ತೇವೆ. ಬೆಂಗಳೂರಿನಿಂದ ಯಾರೋ ಹೊಸ ಹುಡುಗರು ಮತ್ತೆ ಅನುವಾದಕ್ಕೆ ಜನ ಹುಡುಕುತ್ತಿದ್ದಾರೆ ಎಂದು ಒಮ್ಮೆ ಹೇಳಿದೆ. "ನನಗ ಬ್ಯಾಡವಾ," ಎಂದು ಗಿರಾಕಿಯ ಕಡೆ ತಿರುಗಿದಳು.

ಈಗ ಶಾಲೆಯಲ್ಲಿ ಲ್ಯಾಬಿಲ್ಲ. ಪುಸ್ತಕದಿಂದಲೇ ಕಂಪ್ಯೂಟರ್ ಕಲಿಸುತ್ತೇನೆ. ಮೊನ್ನೆ ಒಂಬತ್ತನೇ ತರಗತಿಗೆ ಲಿನಕ್ಸಿನ ಇತಿಹಾಸದ ಪಾಠ. ಅರ್ಧ ಪುಟ. ಓದಿ ಹೇಳಿದೆ. ಅದು ಇಂದು ದೊಡ್ಡ ದೊಡ್ಡ ಸರ್ವರುಗಳಲ್ಲಿದೆ, ನಿಮ್ಮ ಮನೆಯ ಫೋನುಗಳಲ್ಲಿ ಹೆಚ್ಚಿನವುಗಳ ಒಳಗೂ ಅದರದೇ ಜೀವಾಳವಿದೆ, ಯಾರು ಬೇಕಾದರೂ ನೋಡಬಹುದು, ತಿದ್ದಬಹುದು ಎಂದೂ ಹೇಳಿದೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. "ಅಕ್ಕೋರ, ನಿಮ್ಮ ಫೋನ್ ಒಳಗ ತಗದ ತೋರಸ್ರೆಲಾ. ನಾವೂ ಒಂದೀಟ ತಿದ್ತೀವಿ."

ನಾನು ಫೋನ್ ಕೈಗೆ ತೆಗೆದುಕೊಂಡೆ. ಅದನ್ನು ಮಾಡಿದ ಕಂಪನಿ ಒಳಗೆ ಹೋಗುವ ದಾರಿಯನ್ನು ಮುಚ್ಚಿತ್ತು. ದಾರಿ ಒಡೆದು ಹೋದರೆ ಬ್ಯಾಂಕಿನ ಆ್ಯಪ್ ನಿಲ್ಲುತ್ತದೆ, ಸಂಬಳ ಬಂದದ್ದನ್ನು ನೋಡಲಾಗುವುದಿಲ್ಲ.

"ಇದರಾಗ ಆಗೂದಿಲ್ಲ," ಎಂದೆ.

"ಯಾಕ್ರಿ? ಎಲ್ಲಾರದೂ ಅಂದ್ರಲ್ಲ?"

ಉಳಿದ ಮಕ್ಕಳು ನನ್ನನ್ನು ನೋಡುತ್ತಿದ್ದರು. ಪಾಠದ ಕೊನೆಯ ಪ್ರಶ್ನೆಗಳನ್ನು ಬರೆದುಕೊಳ್ಳಿ ಎಂದು ಹೇಳಿ ಬೋರ್ಡಿನ ಕಡೆ ತಿರುಗಿದೆ.